ಈ ಘಟನೆಯನ್ನು ವರದಿ ಮಾಡಲಾಗುವುದು

ಮೂವತ್ತೊಂದನೆಯ ವಯಸ್ಸಿಗೆ ನಾನು ನಿವೃತ್ತನಾದೆ. ಗುತ್ತಿಗೆ ಮುಗಿಯಿತು ಎನ್ನುವುದು ಸರಿಯಾದ ಮಾತು. ಆದರೆ ನಮ್ಮ ಸಂಸ್ಥೆಯಲ್ಲಿ ಗುತ್ತಿಗೆ ಮುಗಿದವರನ್ನು ಬೀಳ್ಕೊಡುವ ಪದ್ಧತಿ ಇರಲಿಲ್ಲ, ನಿವೃತ್ತರನ್ನು ಬೀಳ್ಕೊಡುವ ಪದ್ಧತಿ ಮಾತ್ರ ಇತ್ತು. ಹೀಗಾಗಿ ನನಗೂ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರೊಬ್ಬರು, ಇನ್ನು ಮೇಲೆ ಮೊಮ್ಮಕ್ಕಳ ಜೊತೆ ಸುಖವಾಗಿರಲಿ ಎಂದು ಹಾರೈಸಿದರು. ನನಗಿನ್ನೂ ಮದುವೆಯಾಗಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಿವೃತ್ತರಾದವರು ಅನುಭವ ಬರೆದಿಡುವುದೂ ಒಂದು ಪದ್ಧತಿಯೇ. ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ, ಅದು ನನ್ನ ವೃತ್ತಿಯಲ್ಲೂ ಬರಲಿಲ್ಲ. ದಿನಚರಿ ಬರೆಯುವ ಚಟ ಇರುವುದರಿಂದ ಯಾವ ದಿನ ಏನು ಕೆಟ್ಟಿತು ಎಂಬುದು ನನ್ನ ಬಳಿ ಇದೆ. ಎಲ್ಲ ಸರಿಯಾಗಿ ನಡೆದ ದಿನಗಳ ಎದುರು ಒಂದು ಗೆರೆ ಎಳೆದು ಮಲಗುತ್ತಿದ್ದೆ. ಲೆಕ್ಕ ಹಾಕಿದರೆ ಅಂಥ ಗೆರೆಗಳೇ ಹೆಚ್ಚು, ಆದರೆ ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ.

ಸಂಸ್ಥೆಯ ಮುಖ್ಯ ಕಚೇರಿ ಆಳಂದದಲ್ಲಿ. ಅಲ್ಲಿ ಒಂದು ಕಾಲೇಜು, ಅಫಜಲಪುರದಲ್ಲಿ ಒಂದು, ಜೇವರ್ಗಿಯಲ್ಲಿ ಒಂದು. ಮೂರೂ ಕಡೆ ಒಂದೊಂದು ಕಂಪ್ಯೂಟರ್ ಲ್ಯಾಬ್, ಪ್ರತಿ ಲ್ಯಾಬಿಗೆ ಒಂದು ದೊಡ್ಡ ಯಂತ್ರ, ಯಂತ್ರಗಳನ್ನೆಲ್ಲ ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಆ ಮೂರು ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಂಸ್ಥೆಯ ಕಾರ್ಯದರ್ಶಿಯನ್ನು ಎಲ್ಲರೂ ಗೌಡರು ಎನ್ನುತ್ತಿದ್ದರು. ತೊಗರಿ ವ್ಯಾಪಾರದ ಮನೆತನ. ಸಂದರ್ಶನದ ದಿನ ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ.

"ಈ ಲಿನಕ್ಸ್ ಪುಕ್ಕಟೆ ಸಿಗ್ತದಂತ, ಖರೇ ಏನು?"

"ಹೌದ್ರಿ."

"ಅದರಾಗ ಏನು ಕಮ್ಮಿ ಅದ?"

"ಕಮ್ಮಿ ಏನಿಲ್ರಿ."

"ಕಮ್ಮಿ ಇಲ್ಲಂದ್ರ ಪುಕ್ಕಟೆ ಯಾಕ ಕೊಡ್ತಾರ?"

ಗೊತ್ತಿಲ್ಲ ಎಂದೆ. ಹುಡುಗ ಸುಳ್ಳು ಹೇಳುವುದಿಲ್ಲ ಎಂದು ಕೆಲಸ ಕೊಟ್ಟರು. ಆ ಪ್ರಶ್ನೆಗೆ ಈಗಲೂ ನನ್ನಲ್ಲಿ ಗೌಡರಿಗೆ ಒಪ್ಪಿಗೆಯಾಗುವ ಉತ್ತರವಿಲ್ಲ.

ಕೆಲಸದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಯಂತ್ರದಲ್ಲಿ ಸಾಮಾನ್ಯ ಬಳಕೆದಾರ ತನ್ನ ಕೋಣೆಯೊಳಗೆ ಏನು ಬೇಕಾದರೂ ಮಾಡಬಹುದು, ಮನೆಯ ಗೋಡೆ ಒಡೆಯುವಂತಿಲ್ಲ. ಗೋಡೆ ಒಡೆಯುವ, ಕಟ್ಟುವ ಅಧಿಕಾರವಿರುವ ಒಡೆಯನ ಹೆಸರು ರೂಟ್. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಆಜ್ಞೆ ಬರೆಯುವಾಗ ಅದರ ಮುಂದೆ 'ಸೂಡೊ' ಎಂದು ಸೇರಿಸಿದರೆ ಯಂತ್ರ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ತನ್ನ ಪಟ್ಟಿ ನೋಡುತ್ತದೆ. ನಿಮ್ಮ ಹೆಸರು ಅದರಲ್ಲಿದ್ದರೆ ಆ ಒಂದು ಆಜ್ಞೆಯ ಮಟ್ಟಿಗೆ ನೀವು ರೂಟ್. ಇಲ್ಲದಿದ್ದರೆ ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಪುಸ್ತಕಗಳಲ್ಲಿ ಇಷ್ಟೇ ಇರುತ್ತದೆ. ನಾನು ಕಲಿತದ್ದು ಬೇರೆ.

ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ಉಗ್ರಾಣದ ಕೀಲಿ ಹಿರಿಯರ ಸೊಂಟದಲ್ಲಿರುತ್ತದೆ. ಬಾಗಿಲು ತೆಗೆಯುವವರು ಬೇರೆ. ಸೊಸೆ ಬಂದು ಕೇಳಬೇಕು, ಅತ್ತೆ ಕೀಲಿ ಬಿಚ್ಚಿ ಕೊಡಬೇಕು, ಸೊಸೆ ಕಾಳು ತೆಗೆದು ಕೀಲಿ ತಿರುಗಿ ಕೊಡಬೇಕು. ಆ ಕೀಲಿ ಇರುವುದು ಬಾಗಿಲಿಗಿಂತ ಹೆಚ್ಚಾಗಿ ಸೊಂಟಕ್ಕೆ. ಸಂಸ್ಥೆಯ ಹಿರಿಯರು ಸೂಡೊ ಅಧಿಕಾರವನ್ನು ನೋಡಿದ್ದು ಹೀಗೆಯೇ. ಅದು ಬೇಕಾದ ಕೆಲಸ ಅವರಲ್ಲಿ ಯಾರಿಗೂ ಇರಲಿಲ್ಲ, ಅದು ಬೇಡ ಎಂದವರೂ ಯಾರೂ ಇರಲಿಲ್ಲ.

ಶುರುವಾದದ್ದು ಗೌಡರಿಂದ. ಒಂದು ದಿನ ಅವರ ಯಂತ್ರ ಅವರಿಗೇ ಏನನ್ನೋ ನಿರಾಕರಿಸಿತು.

"ಮಲ್ಲಿನಾಥ, ಇದು ನನಗ ಇಲ್ಲಂತದಲ್ಲೋ."

"ಅದಕ್ಕ ಪರವಾನಗಿ ಬೇಕ್ರಿ."

"ಯಾರ ಪರವಾನಗಿ?"

"ನಂದ್ರಿ."

ಗೌಡರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಿಲ್ಡಿಂಗ್ ನಂದು, ಕರೆಂಟ್ ನಂದು, ನಿನಗ ಪಗಾರ ಕೊಡಾಂವ ನಾನು. ಪರವಾನಗಿ ನಿಂದು?"

ಅದೇ ಮಧ್ಯಾಹ್ನ ಅವರ ಹೆಸರು ಆಳಂದದ ಯಂತ್ರದ ಪಟ್ಟಿಗೆ ಸೇರಿತು. ಮೊದಲ ಸಲ ಸೂಡೊ ಬಳಸುವವರಿಗೆ ಯಂತ್ರ ಸ್ವಲ್ಪ ಬುದ್ಧಿ ಹೇಳುತ್ತದೆ: ಬೇರೆಯವರ ಖಾಸಗಿತನ ಗೌರವಿಸಿ, ಬರೆಯುವ ಮೊದಲು ಯೋಚಿಸಿ, ಅಧಿಕಾರದ ಜೊತೆ ಹೊಣೆ ಬರುತ್ತದೆ, ಹೀಗೆ. ಗೌಡರು ನನ್ನಿಂದ ಅದನ್ನು ಕನ್ನಡ ಮಾಡಿಸಿಕೊಂಡು ಕೇಳಿದರು.

"ಇದು ಎಲ್ಲಾರಿಗೂ ಹೇಳ್ತದೇನು?"

"ಎಲ್ಲಾರಿಗೂ ರಿ."

"ನಾ ಯಾರಂತ ಗೊತ್ತಿದ್ದೂ?"

ಪಾಸ್‌ವರ್ಡ್ ಹೊಡೆದದ್ದು ಮರುದಿನ, ನಾನು ಊರಲ್ಲಿಲ್ಲದಾಗ. ಸೂಡೊ ಪಾಸ್‌ವರ್ಡ್ ಕೇಳುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕೆ ಕೂಡ ಇಲ್ಲ. ಗೌಡರು ಹೊಡೆದರು, ಮತ್ತೆ ಹೊಡೆದರು, ಕೀಬೋರ್ಡ್ ಸತ್ತಿದೆ ಎಂದು ತೀರ್ಮಾನಿಸಿ ಹೊಸದು ತರಿಸಿದರು. ಹೊಸದೂ ಸತ್ತಿತ್ತು. ಆ ವಾರ ನಾನು ಕಲಬುರಗಿಗೆ ಒಂದು ತರಬೇತಿಗೆ ಹೋಗಿದ್ದೆ. ಬಂದು ನೋಡಿದರೆ ಸ್ಟೋರಿನಲ್ಲಿ ಮೂರು ಒಳ್ಳೆಯ ಕೀಬೋರ್ಡುಗಳು 'ರಿಪೇರಿ' ಎಂಬ ಚೀಟಿ ಹೊತ್ತು ಕೂತಿದ್ದವು. ಕಾಣದಿದ್ದರೂ ಅಕ್ಷರ ಬೀಳುತ್ತದೆ ಎಂದು ಹೇಳಿದೆ. ಗೌಡರು ಸ್ವಲ್ಪ ಯೋಚಿಸಿ, "ಹಂಗಾರ ನಂಬಿ ಹೊಡೀಬೇಕು ಅಂತೀಯೇನು?" ಎಂದರು. ಅಲ್ಲಿಂದ ಮುಂದೆ ಅವರು ತಪ್ಪಲಿಲ್ಲ.

ಅಫಜಲಪುರ, ಜೇವರ್ಗಿಯ ಯಂತ್ರಗಳಿಗೆ ಬೇರೆ ಬೇರೆ ಪಟ್ಟಿ ಇದೆ, ಅಲ್ಲಿಯೂ ನಿಮ್ಮ ಹೆಸರು ಸೇರಿಸಲೇ ಎಂದು ಆ ದಿನವೇ ಕೇಳಿದೆ. ಗೌಡರಿಗೆ ಸಿಟ್ಟು ಬಂತು.

"ಆಳಂದದಾಗ ಕಾರ್ಯದರ್ಶಿ, ಜೇವರ್ಗಿಗೆ ಹೋದ್ರ ನಾ ಜವಾನ ಆಗ್ತೇನೇನು? ಸಂಸ್ಥಾ ಒಂದೇ ಅಲ್ಲೇನೋ?"

ಕೇಳಿದ್ದೇ ತಪ್ಪಾಯಿತೆಂದು ಹೆಸರು ಸೇರಿಸುವ ಮಾತನ್ನು ಅಲ್ಲಿಗೇ ಬಿಟ್ಟೆ. ಅಲ್ಲಿ ಅವರು ಸಾಮಾನ್ಯ ಬಳಕೆದಾರರಾಗಿಯೇ ಉಳಿದರು. ಗೌರವ ಮನುಷ್ಯನ ಜೊತೆ ಗಾಡಿಯಲ್ಲಿ ಕೂತು ಬರುತ್ತದೆ, ಯಂತ್ರದ ಪಟ್ಟಿ ಬರುವುದಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಪ್ರಕರಣ ಅಫಜಲಪುರದ್ದು. ಅಲ್ಲಿ ಅತನೂರಿನ ಬಿರಾದಾರ ಸರ್ ಎಂಬ ವಾಣಿಜ್ಯ ಅಧ್ಯಾಪಕರಿದ್ದರು. ಪ್ರಭಾರಿ ಪ್ರಾಚಾರ್ಯರೂ ಅವರೇ, ಲ್ಯಾಬಿನ ಉಸ್ತುವಾರಿಯೂ ಅವರೇ. ಬಹಳ ಉದಾರಿ. ಒಬ್ಬ ವಿದ್ಯಾರ್ಥಿಯ ಕಡತ ಇನ್ನೊಬ್ಬನಿಗೆ ತೆರೆಯುತ್ತಿಲ್ಲ ಎಂಬ ದೂರು ಬಂದಾಗ ಅವರು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಅದರಲ್ಲಿದ್ದ ಆಜ್ಞೆಯನ್ನು ಸೂಡೊ ಹಾಕಿ ಹೊಡೆದರು. ಯಂತ್ರದಲ್ಲಿರುವ ಪ್ರತಿಯೊಂದು ಕಡತವನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು ಎನ್ನುವ ಆಜ್ಞೆ ಅದು. ಅರ್ಧ ಗಂಟೆಯಲ್ಲಿ ನನಗೆ ಫೋನ್ ಬಂತು.

"ಮಲ್ಲಿನಾಥ ಸರ್, ಎಲ್ಲಾರಿಗೂ ಎಲ್ಲಾ ಕೊಟ್ಟೀನ್ರಿ. ಈಗ ಯಾರಿಗೂ ಏನೂ ಮಾಡಾಕ ಆಗವಲ್ದು."

"ಎಲ್ಲಾ ಅಂದ್ರ ಎಷ್ಟು ಕೊಟ್ಟೀರಿ?"

"ಎಲ್ಲಾ ಅಂದ್ರ ಎಲ್ಲಾರಿ. ಅರ್ಧಾ ಮರ್ಧಾ ಕೊಡೋ ಮನಶ್ಯಾ ಅಲ್ರಿ ನಾ."

"ಸೂಡೊ ಹೊಡದು ನೋಡ್ರಿ."

"ಅದು ತನ್ನ ಮ್ಯಾಲ ತನಗೇ ನಂಬಿಕಿ ಇಲ್ಲ ಅಂತದ್ರಿ."

ನಿಜ. ಸೂಡೊ ಅನುಮಾನದ ಸ್ವಭಾವದ್ದು. ತನ್ನ ಪಟ್ಟಿಯನ್ನು ದಾರಿಹೋಕರೆಲ್ಲ ತಿದ್ದಬಹುದು ಎಂದು ಕಂಡರೆ ಆ ಪಟ್ಟಿಯನ್ನೇ ಒಪ್ಪುವುದಿಲ್ಲ, ಕೆಲಸ ನಿಲ್ಲಿಸಿಬಿಡುತ್ತದೆ. ಎಲ್ಲರಿಗೂ ಅಧಿಕಾರ ಸಿಕ್ಕ ಮಧ್ಯಾಹ್ನ ಆ ಯಂತ್ರದಲ್ಲಿ ಅಧಿಕಾರ ಎಂಬುದೇ ಉಳಿದಿರಲಿಲ್ಲ. ನಾನು ಹೋಗಿ ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು. ಬಿರಾದಾರ ಸರ್ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ತರಿಸಿ ಪಕ್ಕದಲ್ಲಿ ಕೂತು ಉಣಿಸಿದರು. "ಕೊಟ್ಟಿದ್ದು ತಪ್ಪಾತೇನ್ರಿ?" ಎಂದು ಎರಡು ಸಲ ಕೇಳಿದರು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಈ ಅನಾಹುತ ಗೌಡರ ಕಿವಿಗೆ ಬಿದ್ದು ಒಂದು ಆದೇಶ ಹೊರಟಿತು: ಇನ್ನು ಮೇಲೆ ಸೂಡೊ ಅಧಿಕಾರ ಆಯಾ ಕಾಲೇಜಿನ ಪ್ರಾಚಾರ್ಯರಿಗೆ ಮತ್ತು ನನಗೆ ಮಾತ್ರ. ಯಂತ್ರ ಕೆಡಿಸಿದ ಬಿರಾದಾರ ಸರ್ ಪ್ರಭಾರಿ ಪ್ರಾಚಾರ್ಯರು, ಆದ್ದರಿಂದ ಅವರ ಹೆಸರು ಉಳಿಯಿತು. ಹೋದದ್ದು ಜೇವರ್ಗಿ ಲ್ಯಾಬಿನ ಸಹಾಯಕಿ ನಸೀಮಾ ಅವರ ಹೆಸರು. ಅವರು ಯಾವತ್ತೂ ಏನನ್ನೂ ಕೆಡಿಸಿರಲಿಲ್ಲ. ನನ್ನದೇ ವಯಸ್ಸು, ನನ್ನಂತೆಯೇ ಗುತ್ತಿಗೆ. ಪ್ರತಿ ಜೂನ್‌ನಲ್ಲಿ ಮುಂದುವರಿಕೆಯ ಕಾಗದ ಬರುವ ತನಕ ತಾವು ಆ ಕಾಲೇಜಿನವರೋ ಅಲ್ಲವೋ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಹೆಸರು ತೆಗೆಯಬೇಕಾಗಿದೆ ಎಂದು ನಾನೇ ಫೋನ್ ಮಾಡಿದೆ.

"ಕೆಲಸಾನೂ ತೆಗೀತಾರೋ, ಹೆಸರಷ್ಟೇನೋ?" ಎಂದರು.

"ಹೆಸರಷ್ಟೇರಿ ಮೇಡಂ."

"ಹಂಗಂದ್ರ ಕೆಲಸ ನಂದು, ಹೆಸರು ಪ್ರಾಚಾರ್ಯರದು. ಮೊದಲೂ ಹಂಗೇ ಇತ್ತಲ್ರಿ. ತೆಗೀರಿ, ತೆಗೀರಿ."

ಕೆಲಸದ ರೀತಿ ಬದಲಾದದ್ದನ್ನೂ ಒಂದಿಷ್ಟು ಹೇಳಬೇಕು. ಮೊದಲ ವರ್ಷಗಳಲ್ಲಿ ಏನು ಕೆಟ್ಟರೂ ಬಸ್ಸು ಹತ್ತಬೇಕಿತ್ತು. ಆಳಂದದಿಂದ ಕಲಬುರಗಿ, ಅಲ್ಲಿ ಇಳಿದು ಜೇವರ್ಗಿಯ ಬಸ್ಸು. ಎರಡು ಶಬ್ದದ ಆಜ್ಞೆಗಾಗಿ ಅರ್ಧ ದಿನ ಕಿಟಕಿ ಪಕ್ಕ ಕೂತಿರುತ್ತಿದ್ದೆ. ಆ ಅರ್ಧ ದಿನದಲ್ಲಿ ಏನು ಹೊಡೆಯಬೇಕು, ಏನು ಹೊಡೆಯಬಾರದು ಎಂದು ಯೋಚಿಸಲು ಬೇಕಾದಷ್ಟು ಸಮಯವಿತ್ತು. ಆಮೇಲೆ ದೂರದಿಂದಲೇ ಒಳಹೊಕ್ಕು ಕೆಲಸ ಮಾಡುವ ವ್ಯವಸ್ಥೆ ಬಂತು. ಆಳಂದದ ಕುರ್ಚಿಯಲ್ಲಿ ಕೂತು ಮೂರೂ ಊರಿನ ಯಂತ್ರಗಳಿಗೆ ಆಜ್ಞೆ ಕೊಡಬಹುದಾಯಿತು. ಬಸ್ಸು ಹೋಯಿತು, ಯೋಚನೆಯ ಸಮಯವೂ ಹೋಯಿತು. ಒಂದು ಸಂಜೆ ಮನೆಗೆ ಹೊರಡುವ ಅವಸರದಲ್ಲಿ ನನ್ನ ಯಂತ್ರವನ್ನು ಆರಿಸುವ ಆಜ್ಞೆ ಹೊಡೆದೆ. ನನ್ನದು ಆರಲಿಲ್ಲ. ನಾನಿದ್ದದ್ದು ಅಫಜಲಪುರದ ಯಂತ್ರದೊಳಗೆ, ಅದು ವಿನಯದಿಂದ ಆರಿಹೋಗಿತ್ತು. ಆರಿದ ಯಂತ್ರವನ್ನು ದೂರದಿಂದ ಹೊತ್ತಿಸಲು ಬರುವುದಿಲ್ಲ. ಬಿರಾದಾರ ಸರ್‌ಗೆ ಫೋನ್ ಮಾಡಿ, ಹೋಗಿ ಗುಂಡಿ ಒತ್ತಬೇಕೆಂದು ಬೇಡಿಕೊಂಡೆ.

"ಅದಕ್ಕೂ ಸೂಡೊ ಬೇಕೇನ್ರಿ?" ಎಂದರು.

"ಇಲ್ರಿ, ಬೆರಳು ಸಾಕು."

"ನೋಡ್ರಿ, ಎಷ್ಟು ದೊಡ್ಡ ಅಧಿಕಾರ ಇದ್ರೂ ಕಡೀಗೆ ಬೆರಳಿಗೇ ಬಂತು," ಎಂದು ನಕ್ಕು ಹೋದರು. ಅಂದಿನಿಂದ ನಾನು ಎಂಟರ್ ಒತ್ತುವ ಮೊದಲು ಯಂತ್ರದ ಹೆಸರನ್ನು ಯಂತ್ರಕ್ಕೇ ಕೇಳುತ್ತೇನೆ. ಈ ಬರಹದಲ್ಲಿ ನಿಮಗೆ ಉಪಯೋಗಕ್ಕೆ ಬರುವ ತಾಂತ್ರಿಕ ಮಾತು ಬಹುಶಃ ಇದೊಂದೇ.

ಇನ್ನು ಜೇವರ್ಗಿಯ ಪ್ರಕರಣ. ಆ ವರ್ಷ ಸಂಸ್ಥೆ ಕೆಲವು ಸಹಾಯಕರನ್ನು ಕಾಯಂ ಮಾಡಲು ಹೊರಟಿತ್ತು. ನಸೀಮಾ ಅವರ ಹೆಸರು ಮೊದಲನೆಯದು. ನನ್ನ ಹುದ್ದೆ ಮಂಜೂರಾತಿಯಲ್ಲೇ ಇರಲಿಲ್ಲವಾದ್ದರಿಂದ ನನಗೆ ಆ ಚಿಂತೆ ಇರಲಿಲ್ಲ. ಹೆಸರುಗಳು ಅಂತಿಮವಾಗಲು ಮೂರು ವಾರ ಉಳಿದಿತ್ತು. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಜೇವರ್ಗಿಯಲ್ಲಿ ಪ್ರವೇಶಪತ್ರ ಮುದ್ರಿಸುವಾಗ ಪ್ರಿಂಟರ್ ಸಿಕ್ಕಿಹಾಕಿಕೊಂಡಿತು. ಮುದ್ರಣದ ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಾಕಿತ್ತು, ಆದರೆ ಅದಕ್ಕೆ ಸೂಡೊ ಬೇಕು. ರಸ್ತೆ ಅಗೆಯುವವರು ಇಂಟರ್‌ನೆಟ್ಟಿನ ತಂತಿ ಕಡಿದಿದ್ದರಿಂದ ನಾನು ಆಳಂದದಿಂದ ಒಳಹೋಗುವಂತಿರಲಿಲ್ಲ. ಹೊರಗೆ ವಿದ್ಯಾರ್ಥಿಗಳ ಸಾಲು ನಿಂತಿತ್ತು. ಮುಂದೆ ನಡೆದದ್ದನ್ನು ನಸೀಮಾ ನನಗೆ ಹೇಳಿದಂತೆಯೇ ಬರೆಯುತ್ತೇನೆ.

ಪ್ರಾಚಾರ್ಯ ಹಿರೇಮಠ ಸರ್ ಬಂದರು. ಅಧಿಕಾರ ಅವರ ಹೆಸರಿನಲ್ಲಿತ್ತು. ಆದರೆ ಪಾಸ್‌ವರ್ಡ್ ಅವರಿಗೆ ಮರೆತಿತ್ತು, ಮರೆತದ್ದನ್ನು ಹೇಳಿಕೊಳ್ಳುವುದು ಅವರ ಹುದ್ದೆಗೆ ಸರಿಹೋಗುತ್ತಿರಲಿಲ್ಲ.

"ನೀವೇ ಹೊಡೀರಿ ಮೇಡಂ, ಆ ಸೂಡೊ ಏನದ ಅದು."

"ನನ್ನ ಹೆಸರು ತೆಗದಾರ್ರಿ ಸರ್."

"ನಾ ಬಾಜೂಕ ನಿಂತೀನಲ್ರಿ. ನಾ ಹೇಳಾಕತ್ತೇನಿ, ಹೊಡೀರಿ."

ಪಕ್ಕದಲ್ಲಿ ನಿಂತವರನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಸೀಮಾ ಹೊಡೆದರು. ಹೆಸರು ಪಟ್ಟಿಯಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಬಂತು. ಹಿರೇಮಠ ಸರ್ ಅದನ್ನು ಓದಿ, ಯಾರೋ ಕರೆದಂತಾಯಿತೆಂದು ಹೊರಗೆ ಹೋದರು. ಪ್ರವೇಶಪತ್ರಗಳನ್ನು ಕಡೆಗೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರು.

ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಆ ವರದಿ ಹೋಗುವುದು ಎಲ್ಲಿಗೆ ಗೊತ್ತೇ? ರೂಟ್‌ನ ಅಂಚೆಪೆಟ್ಟಿಗೆಗೆ. ಮೂರೂ ಯಂತ್ರಗಳ ರೂಟ್‌ನ ಅಂಚೆ ಬರುವುದು ನನಗೆ. ಅದರಲ್ಲಿ ದಿನವೂ ಯಂತ್ರದ ನೂರು ಗೊಣಗಾಟ ಇರುತ್ತಿತ್ತು, ನಾನು ತೆರೆಯುತ್ತಲೇ ಇರಲಿಲ್ಲ. ಪ್ರಪಂಚದಲ್ಲಿ ಬಹುತೇಕ ಯಾರೂ ತೆರೆಯುವುದಿಲ್ಲ. ಆದರೆ ಜೇವರ್ಗಿ ಕಾಲೇಜಿನಲ್ಲಿ ಅಧೀಕ್ಷಕ ಶರಣಪ್ಪ ಸರ್ ಇದ್ದರು. ಕಚೇರಿಯಲ್ಲಿ ತಲೆ ಹಣ್ಣಾದವರು. ಅವರದು ಒಂದೇ ಸೂತ್ರ: ದೂರು ಮೇಲೆ ಮುಟ್ಟುವ ಮೊದಲು ನಮ್ಮ ಕ್ಷಮಾಪಣೆ ಮುಟ್ಟಿರಬೇಕು. ಎಷ್ಟೋ ಜನರನ್ನು ಅವರು ಹೀಗೆ ಉಳಿಸಿದ್ದರು. ನಸೀಮಾ ಅವರನ್ನೂ ಉಳಿಸಲು ಹೊರಟರು.

"ಯಾರಿಗೆ ವರದಿ ಆಗ್ತದ ಅಂತ ಬರದದ?" ಎಂದು ಕೇಳಿದರಂತೆ.

"ಅದೇನು ಬರದಿಲ್ರಿ."

"ಹೆಸರು ಬರದಿಲ್ಲಂದ್ರ ಭಾಳ ಮ್ಯಾಲಕ ಹೋಗ್ತದ. ಕೂಡ್ರಿ, ನಾ ಹೇಳ್ತೀನಿ, ಬರೀರಿ."

ನಸೀಮಾ ಬರೆದರು. ಪ್ರಾಚಾರ್ಯರು ಹೇಳಿದ್ದರಿಂದ ಹೊಡೆದೆ ಎಂಬ ಒಂದು ಸಾಲು ಸೇರಿಸಿದ್ದರು. ಶರಣಪ್ಪ ಸರ್ ಅದನ್ನು ಹೊಡೆದುಹಾಕಿದರು. "ಕ್ಷಮಾಪಣಿಯೊಳಗ ದೊಡ್ಡವರ ಹೆಸರು ತರಬಾರದವ್ವಾ. ತಂದ್ರ ಅದು ಕ್ಷಮಾಪಣಿ ಇರೋದಿಲ್ಲ, ದೂರಾಗ್ತದ." ಪತ್ರ ಹಿರೇಮಠ ಸರ್ ಮೇಜಿಗೆ ಹೋಯಿತು. ಅವರು 'ಮುಂದಿನ ಕ್ರಮಕ್ಕಾಗಿ' ಎಂದು ಬರೆದು ಸಹಿ ಮಾಡಿ ಆಳಂದಕ್ಕೆ ಕಳಿಸಿದರು.

ಗೌಡರು ನನ್ನನ್ನು ಕರೆದರು.

"ಜೇವರ್ಗಿಯೊಳಗ ಏನು ಘಟನಾ ಆಗೇದ?"

"ಏನೂ ಆಗಿಲ್ರಿ ಗೌಡ್ರ. ಆಜ್ಞೆ ಹೊಡದಾರ, ಯಂತ್ರ ಇಲ್ಲ ಅಂದದ. ಅಷ್ಟೇ ರಿ."

"ಏನೂ ಆಗಿಲ್ಲಂದ್ರ ಆಕಿ ಕ್ಷಮಾ ಯಾಕ ಕೇಳ್ಯಾಳ?"

ಗೌಡರ ಲೆಕ್ಕ ನೇರವಾಗಿತ್ತು. ಕ್ಷಮಾಪಣೆ ಬಂದಿದೆ, ಆದ್ದರಿಂದ ತಪ್ಪು ಇರಲೇಬೇಕು, ಅದನ್ನು ಹುಡುಕಲು ಸಮಿತಿ ಬೇಕು. ಗೌಡರು ಅಧ್ಯಕ್ಷರು, ನಾನು ತಾಂತ್ರಿಕ ಸದಸ್ಯ, ಸ್ಥಳೀಯ ಸದಸ್ಯರು ಹಿರೇಮಠ ಸರ್. ವಿಚಾರಣೆ ಬಾಕಿ ಇರುವವರನ್ನು ಕಾಯಮಾತಿಗೆ ಪರಿಗಣಿಸುವಂತಿಲ್ಲ ಎಂದು ಅದೇ ದಿನ ನಸೀಮಾ ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಸಂಜೆ ಅವರು ಫೋನ್ ಮಾಡಿದರು.

"ಅಲ್ರಿ ಸರ್, ನಿಮ್ಮ ಮಶೀನು ಚಾಡಿ ಹೇಳ್ತದ ಅಂತ ನನಗ ಮೊದಲ ಯಾಕ ಹೇಳಲಿಲ್ಲ?"

"ಅದು ನನಗ ಹೇಳ್ತದ್ರಿ. ನಾ ಓದೇ ಇಲ್ಲ."

"ನೀವು ಓದಿಲ್ಲ. ಓದದವರು ಮೂರು ಮಂದಿ ಕೂತು ನನ್ನ ವಿಚಾರಣಾ ಮಾಡ್ತೀರಿ." ಆಮೇಲೆ ಹೇಳಿದರು, "ಆರು ವರ್ಷ ಆತ್ರಿ. ಈ ಸಲ ಕಾಯಂ ಆಗ್ತದ ಅಂತ ಮನಿಯೊಳಗ ಎಲ್ಲಾರಿಗೂ ಹೇಳಿಬಿಟ್ಟೀನಿ."

ವಿಚಾರಣೆಯ ದಿನ ಗೌಡರ ಗಾಡಿಯಲ್ಲೇ ನಾನು ಜೇವರ್ಗಿಗೆ ಹೋದೆ. ಹಿರೇಮಠ ಸರ್ ಚುರುಮುರಿ ಸುಸಲಾ, ಮಿರ್ಚಿಭಜಿ, ಚಹಾ ಮಾಡಿಸಿದ್ದರು. ತಿಂದ ಮೇಲೆ ಲ್ಯಾಬಿನಲ್ಲಿ ವಿಚಾರಣೆ ಶುರುವಾಯಿತು, ಶರಣಪ್ಪ ಸರ್ ಕಡತ ಹಿಡಿದು ಬದಿಗೆ ನಿಂತರು. ಕೇಳಿದ ಪ್ರಶ್ನೆಗಳನ್ನು ಅದೇ ರಾತ್ರಿ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಈ ಆಜ್ಞೆ ಯಾರಿಂದ ಕಲಿತಿರಿ? ಮೊದಲೂ ಹೀಗೆ ಮಾಡಿದ್ದಿರೇ? ಅಧಿಕಾರ ಇಲ್ಲ ಎಂದು ತಿಳಿದಿತ್ತೇ? ಪತ್ರದಲ್ಲಿರುವ ಸಹಿ ನಿಮ್ಮದೇ? ಇದರ ಹಿಂದೆ ಯಾರಾದರೂ ಇದ್ದಾರೆಯೇ? ಈ ಕೊನೆಯದನ್ನು ಕೇಳಿದವರು ಹಿರೇಮಠ ಸರ್. ನಸೀಮಾ ಹಿರೇಮಠ ಸರ್ ಮುಖವನ್ನೇ ನೋಡುತ್ತ, "ಹಿಂದ ಯಾರೂ ಇರಲಿಲ್ರಿ. ಬಾಜೂಕ ಇದ್ರು," ಎಂದರು. ಹಿರೇಮಠ ಸರ್‌ಗೆ ಚಹಾ ನೆತ್ತಿಗೇರಿತು. ಏನು ಮಾಡಲು ಹೊರಟಿದ್ದಿರಿ ಎಂಬ ಪ್ರಶ್ನೆ ನನ್ನ ಪಟ್ಟಿಯಲ್ಲಿಲ್ಲ, ಯಾರೂ ಕೇಳಲಿಲ್ಲ. ನಾನು ಹೇಳಲು ಬಾಯಿ ತೆರೆದಾಗ ಗೌಡರು, "ತಾಂತ್ರಿಕ ಇದ್ರಷ್ಟೇ ಮಾತಾಡು," ಎಂದರು.

ಕೊನೆಗೆ ಗೌಡರು ಘಟನೆಯನ್ನು ಕಣ್ಣಾರೆ ನೋಡಬೇಕೆಂದರು.

"ಅವತ್ತು ಏನ್ ಹೊಡದ್ರಿ ಅದನ್ನ ಈಗ ಹೊಡೀರಿ ಮೇಡಂ."

"ಹೊಡೀತೀನ್ರಿ ಸಾಹೇಬ್ರ. ಆದ್ರ ಮತ್ತೊಮ್ಮೆ ಹೊಡದ್ರ ಮತ್ತೊಂದು ಕ್ಷಮಾಪಣಿ ಬರೀಬೇಕಾಗ್ತದ್ರಿ."

ಗೌಡರು ಹಿರೇಮಠ ಸರ್ ಕಡೆ ತಿರುಗಿದರು. ಅವರು ಬೆರಳು ನೋಯುತ್ತಿದೆ ಎಂದರು. ನಾನು ಮುಂದೆ ಹೋದೆ.

"ನೀ ಹೊಡದ್ರ ಅದು ಹೂಂ ಅಂತದ. ಸರಿ, ನಾನೇ ಹೊಡೀತೀನಿ. ಏನಂತದ ನೋಡೂಣು."

"ಗೌಡ್ರ, ಇದು ಜೇವರ್ಗಿ ಯಂತ್ರರಿ. ಇಲ್ಲಿ ಪಟ್ಟಿ ಬ್ಯಾರೆ..."

"ಗೊತ್ತದ. ನೀ ಸುಮ್ಕಿರು."

ಕುರ್ಚಿ ಎಳೆದುಕೊಂಡು ತಮ್ಮ ಹೆಸರಿನಲ್ಲಿ ಒಳಹೋದರು. ನಾನು ಹೇಳಿದ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಹೊಡೆದರು. ಪಾಸ್‌ವರ್ಡ್ ಕೇಳಿತು. "ಇದು ಕಾಣೂದಿಲ್ಲ, ನಂಬಿ ಹೊಡೀಬೇಕು," ಎಂದು ಹಿರೇಮಠ ಸರ್‌ಗೆ ವಿವರಿಸಿ, ನಂಬಿ ಹೊಡೆದು ಎಂಟರ್ ಒತ್ತಿದರು. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತದ? ಓದ್ರಿ ಹಿರೇಮಠ."

ಹಿರೇಮಠ ಸರ್ ಓದಲಿಲ್ಲ. ಮತ್ತೊಮ್ಮೆ ಹೇಳಿದಾಗ ಓದಿದರು. ಈ ಬಳಕೆದಾರರ ಹೆಸರು ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ಗೌಡರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಯಾರಿಗೆ ವರದಿ?" ಎಂದರು ಗೌಡರು.

"ನನಗ್ರಿ," ಎಂದೆ.

"ನನ್ನ ಮ್ಯಾಲ, ನಿನಗ?"

ಆಗ ಹಿಂದಿನಿಂದ ನಸೀಮಾ ಅವರ ದನಿ ಬಂತು. ಬಹಳ ಮೆತ್ತಗಿತ್ತು. "ಶರಣಪ್ಪ ಸರ್, ಒಂದು ಹಾಳಿ ತರ್ರಿ."

ಶರಣಪ್ಪ ಸರ್ ಮೂವತ್ತು ವರ್ಷದ ಅಭ್ಯಾಸದಿಂದ ಕಡತದೊಳಗೆ ಕೈ ಹಾಕಿ ಒಂದು ಬಿಳಿ ಹಾಳೆ ಎಳೆದೇಬಿಟ್ಟರು. ಎಳೆದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಗೌಡರು ಆ ಹಾಳೆಯನ್ನು ನೋಡಿದರು, ಪರದೆಯನ್ನು ನೋಡಿದರು. ಸಿಟ್ಟು ಬರುತ್ತದೆ ಎಂದುಕೊಂಡೆ. ಅವರಿಗೆ ಬಂದದ್ದು ನಗು. ಕಣ್ಣು ಒರೆಸಿಕೊಂಡು, "ಫೈಲ್ ಮುಚ್ಚರಿ," ಎಂದರು.

ಮುಚ್ಚುವುದು ಅಷ್ಟು ಸುಲಭವಿರಲಿಲ್ಲ. ಬಂದ ಕ್ಷಮಾಪಣೆಯನ್ನು ತಿರುಗಿ ಕೊಡಲು ನಿಯಮವಿಲ್ಲ, ತಪ್ಪಿಲ್ಲದೆ ಕ್ಷಮಿಸಲು ಬರುವುದಿಲ್ಲ. ದಾರಿ ಹುಡುಕಿದವರು ಶರಣಪ್ಪ ಸರ್. ನಸೀಮಾ ಅವರಿಗೆ ಸೂಡೊ ಅಧಿಕಾರ ಕೊಡುವ ಆದೇಶ ತಯಾರಾಯಿತು, ಘಟನೆಯ ಹಿಂದಿನ ದಿನದಿಂದಲೇ ಜಾರಿಗೆ ಬರುವಂತೆ. ಅಂದರೆ ಅವರು ಹೊಡೆದಾಗ ಅಧಿಕಾರ ಇತ್ತು, ಯಂತ್ರಕ್ಕೆ ಅದು ತಿಳಿದಿರಲಿಲ್ಲ. ಲಿನಕ್ಸ್‌ನಲ್ಲಿ ನಿನ್ನೆಯಿಂದ ಅಧಿಕಾರ ಕೊಡುವ ಆಜ್ಞೆ ಇಲ್ಲ, ನಮ್ಮ ಕಚೇರಿಗಳಲ್ಲಿ ಇದೆ. ನಸೀಮಾ ಕಾಯಂ ಆದರು. ಮರುವಾರ ಹಿರೇಮಠ ಸರ್ ನನ್ನನ್ನು ಬದಿಗೆ ಕರೆದು, ತಮ್ಮ ಹೆಸರನ್ನು ಯಾರಿಗೂ ತಿಳಿಯದಂತೆ ಪಟ್ಟಿಯಿಂದ ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಬಿರಾದಾರ ಸರ್ ತಾವಾಗಿಯೇ ಬಿಟ್ಟುಕೊಟ್ಟರು. ಗೌಡರು ಮಾತ್ರ ಮೂರೂ ಕಡೆ ತಮ್ಮ ಹೆಸರು ಸೇರಿಸಿಕೊಂಡರು, ಆದರೆ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ.

ಎರಡು ವರ್ಷದಲ್ಲಿ ನಸೀಮಾ ಮೂರೂ ಯಂತ್ರಗಳನ್ನು ಜೇವರ್ಗಿಯಿಂದಲೇ ನೋಡಿಕೊಳ್ಳುವಂತಾದರು. ಆಗ ಸಂಸ್ಥೆಗೆ ನಾನು ಹೆಚ್ಚಾದೆ. ಹೀಗೆ ನನ್ನ ನಿವೃತ್ತಿಯ ವಯಸ್ಸು ಬಂತು. ಬೀಳ್ಕೊಡುಗೆಯ ಮುಂಜಾನೆ ನಸೀಮಾ ಮೂರು ಪಟ್ಟಿಗಳಿಂದಲೂ ನನ್ನ ಹೆಸರು ತೆಗೆದರು, ರೂಟ್‌ನ ಅಂಚೆಯನ್ನು ತಮ್ಮ ಹೆಸರಿಗೆ ತಿರುಗಿಸಿಕೊಂಡರು. ಉಳಿದ ಕಡತ ಒಪ್ಪಿಸಲು ತಿಂಗಳ ಕೊನೆಯವರೆಗೆ ಸಾಮಾನ್ಯ ಬಳಕೆದಾರನಾಗಿ ನನ್ನ ಹೆಸರು ಉಳಿಯಿತು.

ಸಭೆ ಮುಗಿದ ಮೇಲೆ ಶಾಲು ಹೆಗಲ ಮೇಲಿರುವಾಗಲೇ ಆಳಂದದ ಯಂತ್ರದ ಮುಂದೆ ಕೂತೆ. ದಿನವೂ ಮಾಡುತ್ತಿದ್ದಂತೆ ಸೂಡೊ ಹಾಕಿ ಒಂದು ಆಜ್ಞೆ ಹೊಡೆದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ ಎಂದಿತು. ಮುಂದಿನ ಮಾತು ನನಗೆ ಗೊತ್ತಿತ್ತು, ಓದಲಿಲ್ಲ. ಪರದೆ ಆರಿಸಿ ಹಣ್ಣಿನ ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ.

ಮರುದಿನ ಚಹಾ ಕುಡಿಯುವಾಗ ನಸೀಮಾ ಅವರ ಫೋನ್ ಬಂತು.

"ಸರ್, ನಿಮ್ಮ ಮ್ಯಾಲ ಒಂದು ವರದಿ ಬಂದದ."

"ನೀವು ಅದನ್ನ ಓದ್ತೀರೇನ್ರಿ?"

"ಓದ್ತೀನ್ರಿ. ಬರ್ತದ ಅಂದ್ಮ್ಯಾಲ ಓದಬೇಕಲ್ರಿ."

"ಹಂಗಾದ್ರ ಕ್ಷಮಾಪಣಿ ಬರದು ಕಳಸ್ಲೇನು?"

"ಅದೇನು ಬ್ಯಾಡ್ರಿ," ಎಂದರು. "ಏನ್ ಮಾಡಾಕ ಹೊಂಟಿದ್ರಿ, ಅಷ್ಟು ಹೇಳ್ರಿ."

ಆಳಂದದ ಯಂತ್ರದಲ್ಲಿ ಹಳೆಯ ಕಡತಗಳು ತುಂಬಿ ಜಾಗ ಸಾಲದಾಗಿತ್ತು, ಒಂದಿಷ್ಟು ಖಾಲಿ ಮಾಡೋಣವೆಂದು ಕೂತಿದ್ದೆ ಎಂದು ಹೇಳಿದೆ. "ತಡೀರಿ," ಎಂದರು. ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. "ಆತ್ರಿ ಸರ್," ಎಂದು ಫೋನ್ ಇಟ್ಟರು.